ಜಿಲೇಬಿ ತುಂಬಿದ ಕೆರೆ

ಮೊನ್ನೆ ಭಾನುವಾರ ಸಂಜೆ ನೀವು ನಾಲ್ಕು ಜನ ನಮ್ಮ ಜಗುಲಿಗೆ ಬಂದು ಕೂತಾಗ, ಮುಖ ನೋಡಿಯೇ ನನಗೆ ಅರ್ಥವಾಯಿತು. ಸಂಘದ ಹೆಸರಲ್ಲಿ ಕೆರೆ ಗುತ್ತಿಗೆ ಹಿಡಿದು, ಸಾಲ ಮಾಡಿ ಕಾಟ್ಲಾ, ರೋಹು ಮರಿ ಬಿಟ್ಟು, ವರ್ಷವೆಲ್ಲ ಕಾವಲು ಕಾದು, ಮೊದಲ ಸಲ ಎಳೆದ ಬಲೆಯಲ್ಲಿ ಬಂದದ್ದೇನು? ಅಂಗೈಯಗಲದ ಜಿಲೇಬಿ. ಬುಟ್ಟಿ ಬುಟ್ಟಿ ಜಿಲೇಬಿ. ನಡುವೆ ಮೀಸೆ ಆಡಿಸುವ ಎರಡು ಕ್ಯಾಟ್‌ಫಿಶ್. ಕಾಟ್ಲಾ ಎಣಿಸಲು ಎರಡು ಕೈಯ ಬೆರಳು ಸಾಕಾಯಿತು ಅಂದಿರಿ. ಆಗ ಮೊಮ್ಮಗ ಕೇಳಿದ: "ತಾತ, ಎಲ್ಲಾ ಒಂದೇ ಸಲ ಸಾಯೋ ಹಂಗೆ ಏನಾದ್ರೂ ಔಷಧಿ ಇದೆಯಾ?"

ಆವತ್ತು ನಾನು ಉತ್ತರ ಕೊಡಲಿಲ್ಲ. ಎರಡು ಮಾತಿನಲ್ಲಿ ಮುಗಿಯುವ ಉತ್ತರ ಅಲ್ಲ ಅದು. ಜೊತೆಗೆ, ನಾನು ಒಪ್ಪಿಕೊಳ್ಳಬೇಕಾದ ಒಂದು ತಪ್ಪೂ ಅದರೊಳಗಿತ್ತು. ಈಗ ಸಮಾಧಾನವಾಗಿ ಕೂತು ಹೇಳುತ್ತಿದ್ದೇನೆ, ಕೇಳಿ.

ಔಷಧಿ ಇದೆ. ಹಿಪ್ಪೆ ಹಿಂಡಿ. ಎಣ್ಣೆ ತೆಗೆದ ಮೇಲೆ ಉಳಿಯುವ ಆ ಹಿಂಡಿಯನ್ನು ನೆನೆಸಿ ನೀರಿಗೆ ಎರಚಿದರೆ ಮೀನು ಉಸಿರು ಕಟ್ಟಿ ತೇಲುತ್ತದೆ. ಸತ್ತ ಮೀನನ್ನು ತಿನ್ನಬಹುದು. ಹದಿನೈದು ಇಪ್ಪತ್ತು ದಿನ ಕಳೆದರೆ ನಂಜು ಇಳಿದು ಅದೇ ಹಿಂಡಿ ಗೊಬ್ಬರವಾಗುತ್ತದೆ. ಮರಿ ಸಾಕುವ ಕೊಳಗಳಲ್ಲಿ ಹಿಂದಿನಿಂದಲೂ ಮಾಡಿಕೊಂಡು ಬಂದದ್ದೇ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೇರಿನಲ್ಲಿ ಒಂದು ಮೀಟರ್ ನೀರು ನಿಂತಿದ್ದರೆ 2,500 ಕಿಲೋ ಹಿಂಡಿ ಬೇಕು. ನಮ್ಮ ಕೆರೆ 20 ಎಕರೆ, ಅಂದರೆ 8 ಹೆಕ್ಟೇರು. ಈಗ ಸರಾಸರಿ ಎರಡು ಮೀಟರ್ ನೀರಿದೆ. 40 ಟನ್ ಹಿಂಡಿ ತಂದು ಸುರಿಯಬೇಕಾಗುತ್ತದೆ. ದುಡ್ಡಿನ ಮಾತು ಬಿಡಿ. ಅಷ್ಟು ಸುರಿದರೆ ಜಿಲೇಬಿ ಮಾತ್ರ ಸಾಯುವುದಿಲ್ಲ. ಪಕ್ಕೆ, ಹಾವುಮೀನು, ಚೇಳುಮೀನು, ಕೊರವ ಎಲ್ಲವೂ ಹೋಗುತ್ತವೆ. ಹೊಲದಿಂದ ನೀರು ಒಸರುವ ಮೂಲೆಯಲ್ಲೋ, ತೂಬಿನ ಕಲ್ಲುಸಂದಿಯಲ್ಲೋ ನಾಲ್ಕು ಜಿಲೇಬಿ ಬದುಕಿ ಉಳಿದರೆ, ಎದುರಾಳಿಯೇ ಇಲ್ಲದ ಖಾಲಿ ಕೆರೆ ಅವಕ್ಕೆ ಸಿಗುತ್ತದೆ. ಎರಡು ಮಳೆಗಾಲದೊಳಗೆ ಈಗಿರುವುದಕ್ಕಿಂತ ಹೆಚ್ಚು ಜಿಲೇಬಿಯನ್ನು ನೀವೇ ಸಾಕಿದ ಹಾಗಾಗುತ್ತದೆ.

ಹಿಪ್ಪೆ ಹಿಂಡಿ ನಿಮ್ಮ ಕೃಷಿಹೊಂಡಕ್ಕೆ ಸರಿ. ನೀರು ಕಡಿಮೆ ಮಾಡಿ, ಅಳತೆ ನೋಡಿ ಹಾಕಿ, ಪೂರ್ತಿ ಬತ್ತಿಸಿ, ಸುಣ್ಣ ಹರಡಿ, ಒಣಗಲು ಬಿಟ್ಟರೆ ಹೊಂಡ ನಿಜವಾಗಿ ಸ್ವಚ್ಛವಾಗುತ್ತದೆ. ಕೆರೆಗೆ ಬೇಡ. ಊರಿನ ದನ ನೀರು ಕುಡಿಯುವ, ಕೆಳಗಿನ ಊರಿನ ಕೆರೆಗೆ ಕೋಡಿ ಹರಿಯುವ ಜಾಗಕ್ಕೆ ಯಾವ ನಂಜೂ ಬೇಡ. ಪೇಟೆ ಅಂಗಡಿಯ ಹುಳದ ಔಷಧಿಯ ಮಾತನ್ನಂತೂ ನನ್ನೆದುರು ಇನ್ನೊಮ್ಮೆ ಎತ್ತಬೇಡಿ.

ಈಗ ನನ್ನ ತಪ್ಪಿನ ವಿಷಯ. ಕೆರೆಗೆ ಆ ಕ್ಯಾಟ್‌ಫಿಶ್ ಬಂದದ್ದು ಎಲ್ಲಿಂದ ಅಂತ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ತೊಂಬತ್ತರ ದಶಕದ ನಡುವಿನಲ್ಲಿ ಒಬ್ಬ ಟೆಂಪೋದಲ್ಲಿ ಮರಿ ತಂದ. ಆರೇಳು ತಿಂಗಳಿಗೆ ಕಿಲೋ ತೂಗುತ್ತೆ, ಕೋಳಿ ಅಂಗಡಿಯ ಕಸ ಹಾಕಿದರೂ ಸಾಕು, ಕೆಸರಲ್ಲೂ ಬದುಕುತ್ತೆ ಅಂದ. ಅವನು ಹೇಳಿದ್ದೆಲ್ಲ ನಿಜವೇ. ಆಫ್ರಿಕಾದ ಆ ಮೀನು ನೀರಿನ ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡುತ್ತದೆ, ಒದ್ದೆ ನೆಲದ ಮೇಲೆ ತೆವಳಿಕೊಂಡೇ ಇನ್ನೊಂದು ಗುಂಡಿ ಸೇರುತ್ತದೆ. ಇಷ್ಟು ಗಟ್ಟಿಯಾದ ಮೀನು ನಮ್ಮ ಹೊಂಡದ ದಡ ದಾಟಿದರೆ ಏನಾದೀತು ಅಂತ ಆವತ್ತು ನಾನು ಯೋಚಿಸಲಿಲ್ಲ. ಏರಿಯ ಹಿಂದೆ ಹೊಂಡ ತೋಡಿಸಿ ಬಿಟ್ಟೆ. ಎರಡನೇ ವರ್ಷ ಒಂದೇ ರಾತ್ರಿಯ ಮಳೆಗೆ ಹೊಂಡವೂ ಕಾಲುವೆಯೂ ಒಂದಾದವು. ಬೆಳಗ್ಗೆ ಹೋಗಿ ನೋಡಿದಾಗ ಹೊಂಡದಲ್ಲಿ ಬರೀ ಕೆಂಪು ನೀರು ಇತ್ತು. ನಷ್ಟವಾಯಿತಲ್ಲ ಅಂತ ಅತ್ತೆ. ಕೆರೆಯ ನಷ್ಟ ಏನು ಅಂತ ತಿಳಿಯಲು ಇನ್ನೂ ಐದಾರು ವರ್ಷ ಬೇಕಾಯಿತು. 2000ದಲ್ಲಿ ಕೇಂದ್ರ ಸರ್ಕಾರ ಈ ಮೀನಿನ ಸಾಕಣೆ ನಿಷೇಧಿಸಿತು ಅಂತ ಕೇಳಿದಾಗ ನಮ್ಮ ಕೆರೆಯಲ್ಲಿ ಅದು ಆಗಲೇ ಮರಿ ಮಾಡಿತ್ತು. ಹೊಂಡ ತೋಡಿದವನು ನಾನೇ. ಅದನ್ನು ಊರಿನವರ ಮುಂದೆ ಹೇಳಲು ಇಷ್ಟು ವರ್ಷ ಹಿಡಿಯಿತು.

ದೊಡ್ಡ ನೀರಿನಲ್ಲೂ ಹೀಗೇ ಆಗಿದೆ. ಹಿಮಾಚಲದ ಭಾಕ್ರಾ ಅಣೆಕಟ್ಟಿನ ಹಿಂದಿನ ಗೋವಿಂದ ಸಾಗರಕ್ಕೆ 1971ರ ನೆರೆಯಲ್ಲಿ ಒಂದು ಮೀನು ಸಾಕಣೆ ಕೇಂದ್ರದ ಬೆಳ್ಳಿ ಗೆಂಡೆ ಕೊಚ್ಚಿಕೊಂಡು ಬಂತು. ಯಾರೂ ಬೇಕೆಂದು ಬಿಟ್ಟದ್ದಲ್ಲ. ಮುಂದೆ ಆ ಸಾಗರದ ಬಲೆಗಳಲ್ಲಿ ಅದೇ ಹೆಚ್ಚಾಗಿ, ಕಾಟ್ಲಾ ಮೂಲೆಗೆ ಸರಿಯಿತು. ಆದ್ದರಿಂದ ನಿಮ್ಮ ಮೊದಲ ಕೆಲಸ ಬಲೆಯಲ್ಲಿಲ್ಲ, ಏರಿಯ ಸುತ್ತ ಇದೆ. ಕೆರೆಗೆ ನೀರು ಬರುವ ಹಾದಿಯಲ್ಲಿ ಯಾರ ಹೊಂಡ ಇದೆ, ಅದರಲ್ಲಿ ಏನಿದೆ, ಮಳೆಗೆ ಅದು ತುಂಬಿ ಹರಿಯುತ್ತದೆಯೇ, ಎಲ್ಲವನ್ನೂ ನಡೆದು ನೋಡಿ. ಕದ್ದುಮುಚ್ಚಿ ಕ್ಯಾಟ್‌ಫಿಶ್ ಸಾಕುವವರು ಇಂದಿಗೂ ಇದ್ದಾರೆ. ಜಗಳಕ್ಕೆ ಹೋಗಬೇಡಿ, ನನ್ನ ಕಥೆ ಹೇಳಿ. ಆಗಲೂ ಕೇಳದಿದ್ದರೆ ಮೀನುಗಾರಿಕೆ ಇಲಾಖೆಗೆ ತಿಳಿಸುವುದು ತಪ್ಪಲ್ಲ.

ಜಿಲೇಬಿಯ ವಿಷಯ ಬೇರೆ. ಅದು ಬಂದದ್ದು ಸರ್ಕಾರದ ಕೈಯಲ್ಲೇ, 1952ರಲ್ಲಿ. ಹಸಿದ ದೇಶಕ್ಕೆ ಅಗ್ಗದ ಮೀನು ಸಿಗಲಿ ಅನ್ನುವ ಒಳ್ಳೆಯ ಮನಸ್ಸಿನಿಂದಲೇ ತಂದರು. ನಿಮ್ಮಜ್ಜಿ ಸಂತೆಯಲ್ಲಿ ಗುಡ್ಡೆ ಲೆಕ್ಕದಲ್ಲಿ ಕೊಂಡು ತಂದು ಹುಳಿ ಮಾಡಿ ನಮ್ಮ ಮಕ್ಕಳನ್ನು ಬೆಳೆಸಿದ್ದು ಇದೇ ಮೀನಿನಲ್ಲಿ. ಅದಕ್ಕೇ ಹೇಳುತ್ತೇನೆ, ಆ ಮೀನಿನ ಮೇಲೆ ಸಿಟ್ಟು ಬೇಡ. ಕೆರೆಯಲ್ಲಿ ಅದು ಹೇಗೆ ಬದುಕುತ್ತದೆ ಅಂತ ತಿಳಿದುಕೊಂಡರೆ ಅದನ್ನು ಇಳಿಸುವ ದಾರಿಯೂ ಕಾಣುತ್ತದೆ.

ಬೇಸಿಗೆಯಲ್ಲಿ ನೀರು ತಿಳಿಯಾದಾಗ ಅಂಚಿನಲ್ಲಿ ನಿಂತು ನೋಡಿದ್ದೀರಾ? ಮೊಣಕಾಲಷ್ಟು ನೀರಿನ ತಳದಲ್ಲಿ ತಟ್ಟೆ ಇಟ್ಟ ಹಾಗೆ ಗುಂಡಗೆ ಗುಳಿಗಳು. ಗಂಡು ಜಿಲೇಬಿ ಬಾಲದಿಂದ, ಬಾಯಿಂದ ಮಣ್ಣು ಕೆದರಿ ಮಾಡಿದ ಮನೆ ಅದು. ಹೆಣ್ಣು ಅಲ್ಲಿಗೆ ಬಂದು ಮೊಟ್ಟೆ ಇಟ್ಟು, ಇಟ್ಟ ಮೊಟ್ಟೆಯನ್ನು ಬಾಯಿಗೆ ಎತ್ತಿಕೊಂಡು ಹೋಗುತ್ತದೆ. ಎರಡು ವಾರದಷ್ಟು ಕಾಲ ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಮರಿ ಈಜಲು ಕಲಿತ ಮೇಲೂ ನೆರಳು ಬಿದ್ದರೆ ಸಾಕು, ಓಡಿಬಂದು ತಾಯಿ ಬಾಯೊಳಗೆ ಸೇರುತ್ತದೆ. ಕಾಟ್ಲಾ ಲಕ್ಷಗಟ್ಟಲೆ ಮೊಟ್ಟೆ ಇಟ್ಟರೂ ನಮ್ಮ ನಿಂತ ನೀರಿನ ಕೆರೆಯಲ್ಲಿ ಮರಿ ಮಾಡುವುದಿಲ್ಲ, ಅದಕ್ಕೆ ಹರಿಯುವ ಹೊಳೆ ಬೇಕು. ಜಿಲೇಬಿ ಇಡುವುದು ಕೆಲವೇ ನೂರು, ಆದರೆ ಅದರಲ್ಲಿ ಹೆಚ್ಚಿನವು ಬದುಕುತ್ತವೆ. ಆ ಮರಿ ಎರಡು ಮೂರು ತಿಂಗಳಿಗೇ ತಾನೂ ಮೊಟ್ಟೆಗೆ ಬರುತ್ತದೆ. ಕೆರೆ ತುಂಬಿದಷ್ಟೂ ಮೇವು ಸಾಲದಾಗಿ ಮೈ ಬೆಳೆಯದೆ ಗಿಡ್ಡವಾಗುತ್ತದೆ, ಗಿಡ್ಡವಿದ್ದಾಗಲೇ ಮರಿ ಹಾಕುತ್ತದೆ. ನಿಮ್ಮ ಬಲೆಯಲ್ಲಿ ಬಂದ ಅಂಗೈಯಗಲದ ಮೀನು ಮರಿಯಲ್ಲ ಮಕ್ಕಳೇ, ಅವೆಲ್ಲ ಅಜ್ಜಿಯರು.

ನೀವು ಮಾಡಿದ ತಪ್ಪು ಅಲ್ಲೇ. ದೊಡ್ಡ ಕಣ್ಣಿನ ಬಲೆ ಬಿಟ್ಟಿರಿ, ಬೆಲೆ ಬರುವ ದಪ್ಪನೆಯವನ್ನು ಆರಿಸಿಕೊಂಡು ಸಣ್ಣದನ್ನು ನೀರಿಗೆ ಎಸೆದಿರಿ. ಕಾಟ್ಲಾಕ್ಕೆ ಆ ಪದ್ಧತಿ ಸರಿ, ಜಿಲೇಬಿಗೆ ತಲೆಕೆಳಗು. ಜಿಲೇಬಿ ದಡಕ್ಕೆ ಬಂದರೆ ಯಾವ ಗಾತ್ರದ್ದೂ ವಾಪಸ್ ಹೋಗಬಾರದು. ಬಲೆ ಎಳೆಯುವಾಗ ಹೆದರಿದ ಹೆಣ್ಣು ಬಾಯಿಂದ ಮರಿ ಉಗುಳುತ್ತದೆ, ಆದ್ದರಿಂದ ನೀರಲ್ಲಿ ನಿಂತು ಬಿಡಿಸದೆ ಪೂರ್ತಿ ದಡಕ್ಕೆ ಎಳೆದು ಒಣನೆಲದ ಮೇಲೆ ಬಿಡಿಸಿ. ಗುಳಿ ಕಂಡ ಅಂಚಿನಲ್ಲಿ ವಾರಕ್ಕೊಮ್ಮೆ ಸಣ್ಣ ಕಣ್ಣಿನ ಬೀಸುಬಲೆ ಹಾಕಿ. ಸಿಕ್ಕಿದ್ದನ್ನು ಹೂಳಬೇಡಿ. ಏರಿಯ ಮೇಲೆ ಗುಡ್ಡೆ ಮಾಡಿ ಊರಿನ ಹೆಂಗಸರಿಗೆ ಅಗ್ಗದಲ್ಲಿ ಕೊಡಿ. ಒಂದು ವರ್ಷ ಲಾಭ ಸಿಗುವುದಿಲ್ಲ. ಒಂದೆರಡು ತಿಂಗಳು ಬಲೆ ಬಿಟ್ಟು ಕೂತರೆ ಮಾಡಿದ್ದೆಲ್ಲ ವ್ಯರ್ಥ. ಜೀವಂತ ಮೀನನ್ನು ಮಾತ್ರ ಯಾರಿಗೂ ಕೊಡಬೇಡಿ. ಪ್ರೀತಿಯಿಂದ ಒಯ್ದು ತಮ್ಮ ಬಾವಿಗೆ, ಹೊಂಡಕ್ಕೆ ಬಿಡುವವರು ಇದ್ದಾರೆ.

ಕ್ಯಾಟ್‌ಫಿಶ್‌ಗೆ ಬೀಸುಬಲೆ ಸಾಲದು, ಕೆಸರಿಗೆ ಮೈಯೊತ್ತಿ ತಪ್ಪಿಸಿಕೊಳ್ಳುತ್ತದೆ. ಮುಂಗಾರಿನ ಮೊದಲ ಹೊಸನೀರು ಕಾಲುವೆಯಲ್ಲಿ ಇಳಿಯುವ ರಾತ್ರಿ ಅದು ಮೊಟ್ಟೆ ಇಡಲು ಅಂಚಿಗೆ, ಹುಲ್ಲು ಮುಳುಗಿದ ಜಾಗಕ್ಕೆ ಏರುತ್ತದೆ. ಆಗ ಕಾಲುವೆ ಬಾಯಿಗೆ ಕೂಳಿ ಕಟ್ಟಿ, ಎಚ್ಚರವಾಗಿದ್ದು ಕಾಯಬೇಕು. ಅದೇ ನೀರಿಗೆ ಪಕ್ಕೆಯೂ ಹತ್ತುತ್ತದೆ, ಅದನ್ನು ಆರಿಸಿ ಜೀವ ಸಹಿತ ಬಿಡಿ. ಚೇಳುಮೀನನ್ನೂ ಕ್ಯಾಟ್‌ಫಿಶ್ ಮರಿ ಅಂದುಕೊಂಡು ಸಾಯಿಸಬೇಡಿ. ಅದು ನಮ್ಮದೇ, ಸಣ್ಣ ಮೈ, ಮುಳ್ಳು ಚುಚ್ಚಿದರೆ ಉರಿಯೋ ಉರಿ. ಆಫ್ರಿಕಾದ್ದಕ್ಕೆ ಬೂದು ಮೈಮೇಲೆ ಮಸಿ ಎರಚಿದಂಥ ಮಚ್ಚೆ, ಚಪ್ಪಟೆ ದೊಡ್ಡ ತಲೆ. ಎರಡನ್ನೂ ಒಮ್ಮೆ ಪಕ್ಕ ಪಕ್ಕ ಇಟ್ಟು ನೋಡಿಕೊಳ್ಳಿ, ಜನ್ಮದಲ್ಲಿ ಮರೆಯುವುದಿಲ್ಲ.

ಇಷ್ಟೆಲ್ಲ ಪಾಡು ನಮ್ಮ ಕಾಲದಲ್ಲಿ ಯಾಕೆ ಇರಲಿಲ್ಲ ಅಂದರೆ, ನಮ್ಮ ಕೆರೆ ಬತ್ತುತ್ತಿತ್ತು. ಇದನ್ನು ನಿಧಾನವಾಗಿ ಕೇಳಿ, ಯಾಕೆಂದರೆ ಕೆರೆ ಬತ್ತುವುದು ಕೇಡು ಅಂತಲೇ ನೀವು ಕೇಳಿಕೊಂಡು ಬೆಳೆದಿದ್ದೀರಿ. ಕೋಲಾರದ ಸೀಮೆಯಲ್ಲಿ ವರ್ಷವಿಡೀ ನೀರು ನಿಲ್ಲುವ ಕೆರೆ ಯಾವುದಿತ್ತು? ಯುಗಾದಿ ಕಳೆದ ಮೇಲೆ ನೀರು ನಡುಗುಂಡಿಗೆ ಸೇರುತ್ತಿತ್ತು. ಊರಿಗೆ ಊರೇ ಇಳಿದು ಮೀನು ಹಿಡಿಯುತ್ತಿತ್ತು. ಅಂಗಳ ಬಿರುಕು ಬಿಟ್ಟು, ಗಾಡಿಗಟ್ಟಲೆ ಹೂಳು ಹೊಲಕ್ಕೆ ಹೋಗುತ್ತಿತ್ತು. ಎಲ್ಲಿಂದಲೋ ಬಂದ ಜಿಲೇಬಿ ಒಂದು ವರ್ಷ ಹೆಚ್ಚಿದರೂ ಮೇ ತಿಂಗಳ ಬಿಸಿಲು ಅದನ್ನು ಮುಗಿಸುತ್ತಿತ್ತು. ನಮ್ಮ ಪಕ್ಕೆ, ಕೊರವಗಳಿಗೆ ಈ ಬತ್ತುವುದು ತುಂಬುವುದು ಹಳೆಯ ರೂಢಿ. ಕೆಸರಲ್ಲಿ, ಬಾವಿಯಲ್ಲಿ, ಮೇಲಿನ ಕುಂಟೆಯಲ್ಲಿ ಹೇಗೋ ಉಳಿದು ಹೊಸನೀರಿಗೆ ಮತ್ತೆ ಬರುತ್ತಿದ್ದವು.

2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಏತದಲ್ಲಿ ಎತ್ತಿ ತಂದು ಲಕ್ಷ್ಮೀಸಾಗರದ ಕೆರೆಗೆ ಮೊದಲು ಬಿಟ್ಟ ದಿನ ನಾನೂ ಹೋಗಿ ನೋಡಿದ್ದೆ. ಕಣ್ಣೀರು ಬಂತು. ಸಾವಿರಾರು ಅಡಿ ಕೊರೆದರೂ ಧೂಳು ಬರುತ್ತಿದ್ದ ಊರುಗಳ ಕೊಳವೆಬಾವಿಗೆ ಜೀವ ಬಂತು, ಆ ಉಪಕಾರ ಮರೆಯುವಂಥದ್ದಲ್ಲ. ಆದರೆ ಅಂದಿನಿಂದ ನಮ್ಮ ಕೆರೆ ಒಂದು ಬೇಸಿಗೆಯೂ ಬತ್ತಿಲ್ಲ. ನೀರು ಹಸಿರಾಗಿ ಪಾಚಿ ಹೆಚ್ಚಿದೆ. ಪಾಚಿ ಜಿಲೇಬಿಗೆ ಮೇವು. ಬೆಳಗಿನ ಜಾವ ನೀರಲ್ಲಿ ಉಸಿರಿಗೆ ಗಾಳಿ ಕಡಿಮೆಯಾದರೆ ಕಾಟ್ಲಾ ಬಾಯಿ ಬಿಡುತ್ತದೆ, ಕ್ಯಾಟ್‌ಫಿಶ್ ಮೇಲೆ ಬಂದು ಗಾಳಿ ನುಂಗಿ ಆರಾಮಾಗಿ ಹೋಗುತ್ತದೆ. ಬಿಸಿಲು ಮಾಡುತ್ತಿದ್ದ ಕೆಲಸವನ್ನು ಇನ್ನು ನೀವು ಮಾಡಬೇಕು.

ನನ್ನ ಆಸೆ ಒಂದಿದೆ. ಮೇಲಿನ ಕೆರೆ, ನಮ್ಮ ಕೆರೆ, ಕೆಳಗಿನ ಕೆರೆ ಮೂರರ ಸಂಘದವರೂ ಒಟ್ಟಿಗೆ ಕೂತು, ಸರದಿಯ ಮೇಲೆ ವರ್ಷಕ್ಕೊಂದು ಕೆರೆಯ ನೀರನ್ನು ಏಪ್ರಿಲ್‌ನಲ್ಲಿ ತೂಬಿನಿಂದ ಇಳಿಸಲು ಪಂಚಾಯಿತಿಯನ್ನೂ ಸಣ್ಣ ನೀರಾವರಿಯವರನ್ನೂ ಕೇಳಬೇಕು. ಪೂರ್ತಿ ಒಣಗಬೇಕಿಲ್ಲ, ನಡುಗುಂಡಿಗೆ ಬಂದರೂ ಸಾಕು. ತೂಬಿನ ಬಾಯಿಗೆ ಸಣ್ಣ ಜಾಲರಿ ಕಟ್ಟಬೇಕು, ಇಲ್ಲವಾದರೆ ನಮ್ಮ ಪೀಡೆಯನ್ನು ಕೆಳಗಿನ ಊರಿಗೆ ಸಾಗಿಸಿದ ಹಾಗೆ. ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲೂ ಇದೇ ಕ್ಯಾಟ್‌ಫಿಶ್ ಸೇರಿಕೊಂಡಿದೆ. ಅಲ್ಲಿಯವರು ನೀರು ಇಳಿದು ಮೀನು ಗುಂಡಿಗಳಲ್ಲಿ ಕೂಡಿಕೊಂಡಾಗ ಹಿಡಿದು ತೆಗೆಯುತ್ತ ಬಂದಿದ್ದಾರೆ. ಒಂದು ಸಲ ಅಲ್ಲ, ಹಲವು ವರ್ಷಗಳಿಂದ. ಅಲ್ಲಿಯ ಮಟ್ಟಿಗೂ ಮುಗಿದ ಕೆಲಸ ಅಲ್ಲ ಅದು.

ಕೊರವದ ಬಗ್ಗೆ ಒಂದು ಮಾತು. ಜಿಲೇಬಿ ಮರಿಯನ್ನು ನಿಮಗಿಂತ ಚೆನ್ನಾಗಿ ಹಿಡಿಯುವ ಬೇಟೆಗಾರ ಅದು, ಈ ನೆಲದ್ದೇ. ಆದರೆ ಸಂತೆಯಲ್ಲಿ ಅದಕ್ಕೆ ಬೆಲೆ ಹೆಚ್ಚು, ಕಂಡಲ್ಲಿ ಹಿಡಿದು ಹಿಡಿದು ಕೆರೆಯಲ್ಲಿ ಕಾಣೆಯಾಗಿದೆ. ಮಳೆ ಶುರುವಾದಾಗ ಜೊಂಡಿನ ನಡುವೆ ಕೆಂಪು ಕಿತ್ತಳೆ ಬಣ್ಣದ ಮರಿಗಳು ಉಂಡೆಯ ಹಾಗೆ ಗುಂಪಾಗಿ ನೀರು ಕುದಿಸುತ್ತಿರುತ್ತವೆ. ಅವುಗಳ ಕೆಳಗೆ ಅಪ್ಪ ಅಮ್ಮ ಕಾವಲು ಇರುತ್ತವೆ. ಆ ಹೊತ್ತಿಗೆ ಗಾಳ ಹಾಕಿದರೆ ಸಿಟ್ಟಿಗೆ ಕಚ್ಚುತ್ತವೆ, ಹಿಡಿಯುವುದು ಬಹಳ ಸುಲಭ. ಹಿಡಿದರೆ ಆ ಉಂಡೆಯಷ್ಟೂ ಮರಿ ಜಿಲೇಬಿಯ ಹೊಟ್ಟೆಗೆ. ಮೂರು ವರ್ಷ ಈ ಕೆರೆಯಲ್ಲಿ ಯಾರೂ ಕೊರವ ಹಿಡಿಯಬಾರದು ಅಂತ ಸಂಘದ ಪುಸ್ತಕದಲ್ಲಿ ಬರೆದು ಸಹಿ ಮಾಡಿ. ಮೊದಲ ಸಹಿ ನನ್ನದು.

ಮರಿ ಕೊಳ್ಳುವಾಗಲೂ ಎಚ್ಚರ. ಪ್ಯಾಕೆಟ್ ಬಿಚ್ಚಿ ಹಾಗೇ ಕೆರೆಗೆ ಸುರಿಯಬೇಡಿ. ದಡದಲ್ಲಿ ಬಿಳಿ ತಟ್ಟೆಗೆ ಒಂದಿಷ್ಟು ಹಾಕಿ ನೋಡಿ, ಬೇರೆ ಜಾತಿಯ ಮರಿ ಸೇರಿದ್ದರೆ ಇಡೀ ಪ್ಯಾಕೆಟ್ ಹಿಂದಕ್ಕೆ ಕೊಡಿ. ಬೆರಳುದ್ದದ ಬಲಿತ ಮರಿಯನ್ನೇ ಕೇಳಿ ತನ್ನಿ, ಜಿಲೇಬಿ ತುಂಬಿದ ನೀರಿನಲ್ಲಿ ಚಿಕ್ಕ ಮರಿ ಉಳಿಯುವುದಿಲ್ಲ. "ಕಾಟ್ಲಾ, ರೋಹು ಕೂಡ ಗಂಗೆಯ ಕಡೆಯ ಮೀನಲ್ಲವಾ ತಾತ?" ಅಂತ ನಿಮ್ಮಲ್ಲಿ ಓದಿದ ಹುಡುಗಿ ಕೇಳಿದಳು. ಸರಿಯಾದ ಪ್ರಶ್ನೆ. ಹೊರಗಿನದೇ. ನಿಂತ ನೀರಲ್ಲಿ ಮರಿ ಮಾಡದ್ದರಿಂದ ಅದು ನಮ್ಮ ಹಿಡಿತದಲ್ಲಿದೆ, ನಿಲ್ಲಿಸಬೇಕು ಅಂದ ದಿನ ನಿಲ್ಲುತ್ತದೆ. ಹೊಳೆಗೆ ಬಿಡುವ ವಿಷಯದಲ್ಲಿ ಈ ಮಾತು ನಿಲ್ಲುವುದಿಲ್ಲ.

ಹೊಳೆ ಅಂದ ಮೇಲೆ ಕಾವೇರಿಯ ಕಥೆ ಹೇಳಲೇಬೇಕು. ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಮಹಸೀರ್ ಆ ಹೊಳೆಗೇ ಮೀಸಲಾದ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳದಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಮಹಸೀರ್ ಕಡಿಮೆಯಾಗುತ್ತಿದೆ, ಉಳಿಸಬೇಕು ಅಂತ 1970ರ ದಶಕದಿಂದಾಚೆಗೆ ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ಮರಿಗಳನ್ನು ತಂದು ಹೊಳೆಗೆ ಬಿಟ್ಟರು. ಅದು ನೀಲಿ ರೆಕ್ಕೆಯ ಬೇರೆ ಮಹಸೀರ್. ಉಳಿಸಲು ಬಿಟ್ಟ ಮೀನೇ ಹೊಳೆ ತುಂಬಿತು, ಗೂನುಬೆನ್ನಿನದು ಕಾಣೆಯಾಗುತ್ತ ಬಂತು. ಅದರ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅಂತ ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಒಂದು ಮೀನನ್ನು ಹೆಸರಿಟ್ಟು ಕರೆಯುವ ಮೊದಲೇ ಕಳೆದುಕೊಳ್ಳುವ ಸ್ಥಿತಿ. ಇದನ್ನು ನೆನೆದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಬಿಟ್ಟವರು ಹೊಳೆಯನ್ನು ಪ್ರೀತಿಸಿದವರೇ ಆಗಿದ್ದರು.

ಈ ಬದಲಾವಣೆ ಗೊತ್ತಾದದ್ದು ಹೇಗೆ ಅಂತಲೂ ಕೇಳಿ. ಗಾಲಿಬೋರೆಯ ಶಿಬಿರದಲ್ಲಿ ಗಾಳ ಹಾಕುತ್ತಿದ್ದವರು 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ದಾಖಲೆ ಇಟ್ಟಿದ್ದರು. ವಿಜ್ಞಾನಿಗಳು ಆ ಪುಟಗಳನ್ನು ಕೂಡಿಸಿದಾಗ ಒಂದು ಮೀನು ಏರಿದ್ದು, ಇನ್ನೊಂದು ಇಳಿದದ್ದು ಕಣ್ಣಿಗೆ ಕಟ್ಟಿತು. ಆದ್ದರಿಂದ ನೀವೂ ಒಂದು ನೋಟ್ ಪುಸ್ತಕ ಇಡಿ. ಪ್ರತಿ ಬಲೆಗೂ ತಾರೀಖು, ಬಲೆಯ ಕಣ್ಣಿನ ಅಳತೆ, ಜಿಲೇಬಿ ಎಷ್ಟು ಕಿಲೋ, ಕ್ಯಾಟ್‌ಫಿಶ್ ಎಷ್ಟು, ಕಾಟ್ಲಾ ಎಷ್ಟು, ಪಕ್ಕೆ ಕಂಡಿತೇ ಇಲ್ಲವೇ. ನಾನು ಮೂವತ್ತು ವರ್ಷ ಈ ಕೆರೆಯಲ್ಲಿ ಬಲೆ ಎಳೆದೆ, ಒಂದು ಸಾಲೂ ಬರೆದಿಡಲಿಲ್ಲ. ಪಕ್ಕೆ ಯಾವ ವರ್ಷದಿಂದ ಕಡಿಮೆಯಾಯಿತು ಅಂತ ನೀವು ಕೇಳಿದಾಗ ನನ್ನ ಬಳಿ ಇದ್ದದ್ದು ಅಂದಾಜು ಮಾತ್ರ.

ಬೆಂಗಳೂರಿನಲ್ಲಿರುವ ನಿಮ್ಮ ಅಣ್ಣ ತಮ್ಮಂದಿರಿಗೂ ಒಂದು ಮಾತು ಹೇಳಿ. ಮನೆ ಬದಲಿಸುವಾಗ ಗಾಜಿನ ತೊಟ್ಟಿಯ ಮೀನನ್ನು ಪಾಪ ಬದುಕಿಕೊಳ್ಳಲಿ ಅಂತ ಕೆರೆಗೆ ಬಿಡುತ್ತಾರೆ. ಟ್ಯಾಂಕ್ ಕ್ಲೀನರ್ ಅಂತ ಮಾರುವ ಆ ಗರಗಸ ಮೈಯ ಮೀನು ದೊಡ್ಡದಾದರೆ ದಡದಲ್ಲಿ ಬಿಲ ತೋಡುತ್ತದೆ, ಬಲೆ ಹರಿಯುತ್ತದೆ. ಸಾಕಲು ಆಗದಿದ್ದರೆ ಕೊಂಡ ಅಂಗಡಿಗೇ ವಾಪಸ್ ಕೊಡಲಿ. ಸೊಳ್ಳೆಗೆ ಅಂತ ಗ್ಯಾಂಬೂಸಿಯಾ ಮೀನು ಕೊಟ್ಟರೆ ಅದು ಮನೆಯ ನೀರಿನ ತೊಟ್ಟಿಯಲ್ಲೇ ಇರಲಿ. 1928ರಲ್ಲಿ ಇಟಲಿಯಿಂದ ಬಂದ ಆ ಮೀನು ಬೇರೆ ಮೀನಿನ ಮೊಟ್ಟೆ, ಕಪ್ಪೆಮರಿ ಯಾವುದನ್ನೂ ಬಿಡುವುದಿಲ್ಲ. ಮೀನು ಬಿಟ್ಟರೆ ಪುಣ್ಯ ಅನ್ನುವ ಹಿರಿಯರಿಗೆ ಶೃಂಗೇರಿಯ ತುಂಗೆ, ಶಿಶಿಲದ ಕಪಿಲೆ, ರಾಮನಾಥಪುರದ ಕಾವೇರಿ ತೋರಿಸಿ. ಅಲ್ಲಿ ದೇವರ ಮೀನನ್ನು ಯಾರೂ ತಂದು ಬಿಟ್ಟದ್ದಲ್ಲ, ಹೊಳೆಯಲ್ಲಿದ್ದದ್ದನ್ನು ಹಿಡಿಯದೆ ಕಾದದ್ದು.

ಬುಧವಾರ ಬೆಳಗ್ಗೆ ಐದಕ್ಕೆ ಸಣ್ಣ ಕಣ್ಣಿನ ಬಲೆ ತೆಗೆದುಕೊಂಡು ಬನ್ನಿ, ನಾನೂ ಬರುತ್ತೇನೆ. ತೂಬಿನ ಬಲಗಡೆ ಅಂಚಿನಿಂದ ಶುರು ಮಾಡೋಣ, ಅಲ್ಲಿ ಗುಳಿ ಹೆಚ್ಚು. ದನ ಇಳಿಯುವ ಕಡೆಯ ಜೊಂಡಿನ ಹತ್ತಿರ ಮಾತ್ರ ಯಾರೂ ಬಲೆ ಬೀಸಬೇಡಿ. ನಿನ್ನೆ ಸಂಜೆ ಅಲ್ಲಿ ಅಂಗೈಯಷ್ಟು ನೀರು ಕೆಂಪಗೆ ಕುದಿಯುತ್ತಿತ್ತು, ಹದಿನೈದು ವರ್ಷದ ಮೇಲೆ ನೋಡಿದೆ.